ಮೆಣಸಿನಕಾಯಿ ರಾಶಿಯ ಮುಂದೆ ಆರಿಸಿಕೊಂಡ ಐಚ್ಛಿಕ ವಿಷಯಗಳು

ಪಾದ್ರಿಯಾಗಲು ಓದುವ ಬಿ.ಡಿ. (ದೇವಶಾಸ್ತ್ರ ಪದವಿ) ಕೊನೆಯ ವರ್ಷದ ಐಚ್ಛಿಕ ವಿಷಯಕ್ಕೆ ನಾನು ಹಳೆಯ ಒಡಂಬಡಿಕೆಯ ಮೂಲ ಭಾಷೆಯಾದ ಹೀಬ್ರೂ ಮತ್ತು ಲಿಂಗಾಯತ ಧರ್ಮದ ಅಧ್ಯಯನ ಎಂದು ಬರೆದುಕೊಟ್ಟಾಗ ಹಾಸ್ಟೆಲಿನಲ್ಲಿ ಯಾರೂ ಒಪ್ಪಲಿಲ್ಲ. "ಹಳ್ಳಿ ಸಭೆಗೆ ಹೋಗಾಂವ ನೀ. ಅಲ್ಲಿ ಹೀಬ್ರೂ ಯಾರ ಮುಂದ ಓದ್ತಿ?" ಅಂದ ಗೆಳೆಯ. ಪಾದ್ರಿಯಾಗಿ ಚರ್ಚಿನ ಸಭೆ ನೋಡಿಕೊಳ್ಳಲು ಹತ್ತಿ ಈಗ ಆರು ವರ್ಷ. ಹೇಗೆ ಆರಿಸಿದಿರಿ ಎಂದು ಕೇಳಿಕೊಂಡು ಈ ವರ್ಷ ಮೂವರು ಹುಡುಗರು ಮನೆಗೇ ಬಂದರು. ಅವರಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಅದಕ್ಕೂ ಹಿಂದಿನ ವರ್ಷ ನಾನೂ ಎಲ್ಲರಂತೆ ಸೀನಿಯರ್ ನೋಟ್ಸ್ ಸಿಗುವ ವಿಷಯವನ್ನೇ ಹಿಡಿದಿದ್ದೆ. ಸಂವಹನ ಮಾಧ್ಯಮ. ಕ್ಯಾಮೆರಾ ಬಾಡಿಗೆ, ಎಡಿಟಿಂಗ್ ಅಂತ ನಾಲ್ಕು ಸಾವಿರದ ಹತ್ತಿರ ಹೋಯಿತು. ಅಂಕವೇನೋ ಬಂತು. ರಜೆಗೆ ಬೆಟಗೇರಿಗೆ ಬಂದಾಗ ಮಣ್ಣು ಮುಗಿಸಿ ಕುಳಿತಿದ್ದ ಮನೆಯಲ್ಲಿ ಒಬ್ಬ ಅಜ್ಜಿ ಕೇಳಿದಳು: "ಲಿಂಗಾಯತರೂ ಹೂಳ್ತಾರ, ನಾವೂ ಹೂಳ್ತೇವಿ. ಅವರು ಕುಂಡ್ರಿಸಿ, ನಾವು ಮಲಗಿಸಿ. ಯಾಕೋ ತಮ್ಮಾ?" ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಜನರ ಪ್ರಶ್ನೆಗಳನ್ನು ಮೊದಲು ಕೂಡಿಹಾಕಬೇಕು, ವಿಷಯ ಆಮೇಲೆ ಎಂದು ಅಲ್ಲೇ ನಿರ್ಧರಿಸಿದೆ. ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ನಲವತ್ತು ಫಾರ್ಮ್ ಝೆರಾಕ್ಸ್ ಮಾಡಿಸಿ ಆರಾಧನೆ ಮುಗಿದ ಮೇಲೆ ಹಂಚಿದೆ. ಹನ್ನೊಂದೋ ಹನ್ನೆರಡೋ ತಿರುಗಿ ಬಂದವು. ಎಲ್ಲದರಲ್ಲೂ "ಎಲ್ಲಾ ಛಲೋ ಐತಿ". ಪಾದ್ರಿಯಾಗುವವನು ಕೊಟ್ಟ ಕಾಗದದ ಮೇಲೆ ಯಾರು ತಮ್ಮ ಸಂಶಯ ಬರೆದಾರು?

ಮಾರ್ಚ್ ಕೊನೆಗೆ ಬ್ಯಾಡಗಿಯಲ್ಲಿ ಅತ್ತೆಯ ಮನೆಗೆ ಹೋಗಿದ್ದೆ. ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ನಾನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ. ಆಮೇಲೆ ಬೆಟಗೇರಿಯ ಮಗ್ಗದ ಮನೆಗಳಲ್ಲಿಯೂ ಹಾಗೇ ಮಾಡಿದೆ. ಮೊದಲ ಮಾತು ಏನಾಡಿದರೆ ಜನ ಮಾತಿಗಿಳಿಯುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಒಂದು ದಿನ ಬಂದು ಕೂತವರಿಗೆ ಹೇಳುತ್ತೇನೆ. ಎರಡು ತಿಂಗಳಲ್ಲಿ ಎಂಬತ್ತರ ಮೇಲೆ ಪ್ರಶ್ನೆಗಳಾದವು. ಬಸ್ಸಿಗೆ ಖರ್ಚಾದದ್ದು ಸಾವಿರದ ಎಂಟುನೂರರ ಸುಮಾರು.

ವಿಂಗಡಿಸಿದಾಗ ನನಗೇ ಆಶ್ಚರ್ಯ. ಸಾಲ, ಕುಡಿತದವು ನಾನು ಎಣಿಸಿದ್ದಕ್ಕಿಂತ ಕಡಿಮೆ. ಅದಕ್ಕೇ ಎಲ್ಲರೂ ತೆಗೆದುಕೊಳ್ಳುವ ಆಪ್ತಸಲಹೆಯನ್ನು ಬಿಟ್ಟೆ. ಸಾವು, ಜೀವ, ಆತ್ಮದ ಪ್ರಶ್ನೆಗಳೇ ಮೂರನೇ ಒಂದು ಪಾಲು. ನಂತರದವು ಪಕ್ಕದ ಮನೆಯವರ ಆಚರಣೆ ಕುರಿತವು: ಇಷ್ಟಲಿಂಗ, ವಿಭೂತಿ, ಲಿಂಗಾಯತರ ಮನೆಯಿಂದ ಬಂದ ಸೊಸೆ. ಹಾನಗಲ್ ಕಡೆಯ ಒಬ್ಬ ರೈತನದು ಮಾತ್ರ ಯಾವ ಗುಂಪಿಗೂ ಸೇರಲಿಲ್ಲ. ಅವನ ಎತ್ತು ಸತ್ತಿತ್ತು. "ಅದಕ್ಕ ಆತ್ಮ ಇತ್ತೋ ಇಲ್ಲೋ ಹೇಳ್ರಿ."

ಮೊದಲ ಗುಂಪಿಗೆ ಹೀಬ್ರೂ, ಎರಡನೆಯದಕ್ಕೆ ಲಿಂಗಾಯತ ಧರ್ಮ ಎಂದು ಆರಿಸಿಕೊಂಡೆ. ಹೀಬ್ರೂ ಕಷ್ಟಪಡಿಸಿತು. ದುಡ್ಡು ಉಳಿಸಲು ಒಂಬೈನೂರು ಕೊಟ್ಟು ನಿಘಂಟಿನ ಝೆರಾಕ್ಸ್ ಮಾಡಿಸಿದ್ದೆ. ಅದೂ ಝೆರಾಕ್ಸಿನ ಝೆರಾಕ್ಸ್. ಸ್ವರದ ಚುಕ್ಕೆಗಳು ಅಳಿಸಿಹೋಗಿದ್ದವು. ನೋಡಲು ಒಂದೇ ಥರದ ಅಕ್ಷರಗಳಾದ ದಾಲೆತ್ ಯಾವುದು, ರೇಶ್ ಯಾವುದು ತಿಳಿಯದು. ಕಿರುಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತರ ಆಸುಪಾಸು ಬಂತು. ಅಷ್ಟೂ ಹಾಳೆ ಬಿಸಾಕಿ ಹಳೆಯ ಮೂಲ ಪ್ರತಿಯನ್ನೇ ಕೊಂಡೆ. ಝೆರಾಕ್ಸ್ ನಂಬಬೇಡಿ.

ನಡುವೆ ಒಂದು ಪ್ರಯೋಗ ಮಾಡಿದೆ. ಬೈಬಲ್‌ನ 119ನೇ ಕೀರ್ತನೆಗೆ 22 ಭಾಗ, ಹೀಬ್ರೂ ಅಕ್ಷರವೂ 22, ಒಂದೊಂದು ಭಾಗದಲ್ಲಿ ಎಂಟು ವಚನ. ಎಂಟೂ ಅದೇ ಅಕ್ಷರದಿಂದ ಶುರು. ಹಳೆಯ ಲಗ್ನಪತ್ರಿಕೆಗಳ ಹಿಂದೆ ಅಕ್ಷರ ಬರೆದು, ಬೀಸುವ ಪದದ ಧಾಟಿಗೆ ಕೂಡಿಸಿ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಕೊಟ್ಟೆ. ಮೂರು ಭಾನುವಾರದಲ್ಲಿ ಕಲಿತರು. ನನಗೆ ತಿಂಗಳು ಬೇಕಾಗಿತ್ತು! ಹಿರಿಯರು ಧಾಟಿ ಸರಿಯಿಲ್ಲ ಎಂದರು, ನಿಲ್ಲಿಸಿದೆ. ಈಗಲೂ ಬೇಸರವಿದೆ. ಇನ್ನೊಮ್ಮೆ ಧಾರವಾಡಕ್ಕೆ ಹೋಗಿ ಕಿಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಉಸಿರು, ಜೀವ, ಪ್ರಾಣ ಈ ಮೂರನ್ನೇ ಇಡೀ ದಿನ ನೋಡಿದೆ. ಪರೀಕ್ಷೆಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು.

ಕೊನೆಗೆ ಹೀಬ್ರೂನಲ್ಲಿ ಅರವತ್ತೆಂಟು ಬಂತು. ನಗುತ್ತಿದ್ದವರೇ ನೋಟ್ಸ್ ಕೇಳಿದರು, ಕೊಟ್ಟೆ.

ಸಭೆ ಸಿಕ್ಕ ಮೊದಲ ವರ್ಷವೇ ಹಾನಗಲ್‌ಗೆ ಹೋಗಿ ಆ ರೈತನನ್ನು ಹುಡುಕಿದೆ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 2:7ರಲ್ಲಿ ಮನುಷ್ಯನಿಗೆ ಬಳಸಿದ ಹೀಬ್ರೂ ಮಾತು ನೆಫೆಶ್ ಹಯ್ಯಾ, ಅಂದರೆ ಬದುಕಿರುವ ಜೀವ. 1:24ರಲ್ಲಿ ದನಕರುಗಳಿಗೂ ಅದೇ ಮಾತು. ನೆಫೆಶ್ ಎಂದರೆ ಗಂಟಲು, ಉಸಿರು, ಜೀವ ಎಲ್ಲವೂ ಹೌದು. ಸತ್ತ ಮೇಲೆ ಎತ್ತು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಲಿಲ್ಲ, ಈ ಎರಡು ವಚನಗಳನ್ನು ಓದಿ ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. "ಹಂಗಾರ ನಾ ಅತ್ತಿದ್ದು ತಪ್ಪಲ್ಲ ಬಿಡ್ರಿ" ಅಂದ.

ಬಂದ ಮೂವರು ಹುಡುಗರು ನನ್ನ ಪ್ರಶ್ನೆಯ ವಹಿ ಕೇಳಿದರು. ಕೊಡಲಿಲ್ಲ. ಅದರಲ್ಲಿರುವುದು ಜನ ನನ್ನನ್ನು ನಂಬಿ ಕೇಳಿದ ಪ್ರಶ್ನೆಗಳು. ಆ ಹುಡುಗರಲ್ಲಿ ಒಬ್ಬ ಮಾತ್ರ ಈಗ ಬ್ಯಾಡಗಿಗೆ ಹೋಗಿ ಬಂದಿದ್ದಾನೆ. ಎರಡು ದಿನ ಕಣ್ಣುರಿ, ಹದಿನಾಲ್ಕು ಪ್ರಶ್ನೆ.