ಡೀಸೆಲ್ ಬುಲೆಟ್ಟಿಗೆ ಎರಡು ತವರು

ಅಪ್ಪ ತೀರಿಕೊಂಡ ಮೇಲೆ ಅವರ ಡೀಸೆಲ್ ಬುಲೆಟ್ ಕಾರಟಗಿಯ ನಮ್ಮ ಮನೆಯ ಹಿತ್ತಿಲಲ್ಲಿ ತಾಡಪಾಲು ಹೊದ್ದು ಮೂರು ವರ್ಷ ನಿಂತಿತ್ತು. ಗೊಬ್ಬರದಂಗಡಿಯ ವಸೂಲಿಗೆ ಅವರು ಸಿಂಧನೂರಿನ ತನಕ ಅದರ ಮೇಲೆಯೇ ತಿರುಗಿದವರು. ಓಟ ನಿಧಾನ. ಆದರೆ ಒಂದು ಲೀಟರ್ ಡೀಸೆಲ್ ಹಾಕಿಸಿದರೆ ಅರವತ್ತು ಕಿಲೋಮೀಟರು ದಾಟಿಸುತ್ತಿತ್ತು. ಅದರ ಟಕ್ ಟಕ್ ಸದ್ದು ಕಾಲುವೆ ಸೇತುವೆಯ ಹತ್ತಿರ ಕೇಳಿದರೆ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು.

ಮತ್ತೆ ಚಾಲೂ ಮಾಡಿಸಬೇಕೆಂದು ಮೊದಲು ಒಯ್ದದ್ದು ಬೈಕ್ ಗ್ಯಾರೇಜಿಗೆ. ಅಲ್ಲಿಯ ಹುಡುಗರು ಈ ಗಾಡಿಯನ್ನು ನೋಡಿದ್ದೇ ಆ ದಿನ. ಪ್ಲಗ್ ಇಲ್ಲ, ಕಾರ್ಬುರೇಟರ್ ಇಲ್ಲ, ಎಲ್ಲಿಂದ ಹಿಡಿಯಬೇಕು ಎಂದು ಅವರಿಗೆ ತಿಳಿಯಲಿಲ್ಲ. ಆದರೂ ಡೀಸೆಲ್ ಪಂಪ್ ಬಿಚ್ಚಿ, ಒರೆಸಿ, ಕೂರಿಸಿ ಕೊಟ್ಟರು. ಅಲ್ಲಿಂದ ಗಾಡಿ ಪೂರ್ತಿ ಮುಷ್ಕರ ಹೂಡಿತು. ಎಷ್ಟು ಕಿಕ್ ಹೊಡೆದರೂ ಬರೀ ಬಿಳಿ ಹೊಗೆ. ಕಂಪನಿಯ ಸರ್ವಿಸ್ ಪುಸ್ತಕಕ್ಕಾಗಿ ಗಂಗಾವತಿ, ಹೊಸಪೇಟೆ, ಬಳ್ಳಾರಿಯ ಬುಲೆಟ್ ಅಂಗಡಿಗಳನ್ನೆಲ್ಲ ಸುತ್ತಿದೆ. ಪೆಟ್ರೋಲ್ ಬುಲೆಟ್ಟಿನದು ಸಿಗುತ್ತಿತ್ತು, ಇದರದು ಮಾತ್ರ ಎಲ್ಲಿಯೂ ಇರಲಿಲ್ಲ.

ದಾರಿ ತೋರಿಸಿದವರು ಸಿಂಧನೂರು ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ಚಾಚಾ. ನಾನು ಅವರ ಹತ್ತಿರ ಹೋದದ್ದು ಡೀಸೆಲ್ ಪೈಪಿನ ವಾಷರ್ ಕೇಳಲು. ಗಾಡಿ ನೋಡಿ ಅವರು ಮಂಡಿಯೂರಿ ಕೂತರು. ಸೀಮೆಎಣ್ಣೆಯ ಬಟ್ಟೆಯಿಂದ ಇಂಜಿನ್ನಿನ ಮೈ ಒರೆಸಿ, ಅಚ್ಚಿನ ಮೇಲೆ ಸೀಮೆಸುಣ್ಣ ತಿಕ್ಕಿದರು. ಅಕ್ಷರ ಎದ್ದು ಬಂದವು. ಗ್ರೀವ್ಸ್ ಲೊಂಬಾರ್ಡಿನಿ.

"ಇದು ನಮ್ಮ ಇಂಜಿನ್ ಐತೆಪಾ. ಗದ್ದಿಗೆ ನೀರ್ ಎತ್ತೋದು. ನೀ ಬೈಕಿನವ್ರ ಹತ್ರ ಯಾಕ್ ಹೋದಿ?"

ಅಲ್ಲಿಂದ ನನ್ನ ಹುಡುಕಾಟದ ದಿಕ್ಕು ಬದಲಾಯಿತು. ಎನ್‌ಫೀಲ್ಡ್ ಕಂಪನಿ ಈ ಗಾಡಿಗೆಂದು ಹೊಸ ಇಂಜಿನ್ ಮಾಡಿರಲೇ ಇಲ್ಲ. ಇಟಲಿಯ ಲೊಂಬಾರ್ಡಿನಿ ವಿನ್ಯಾಸದ, ನಮ್ಮ ದೇಶದ ಗ್ರೀವ್ಸ್ ಕಂಪನಿ ತಯಾರಿಸಿದ, ಪಂಪು ಜನರೇಟರುಗಳಿಗೆ ಹಾಕುವ 325 ಸಿಸಿ, ಆರೂವರೆ ಅಶ್ವಶಕ್ತಿಯ ಇಂಜಿನ್ನನ್ನು ಬುಲೆಟ್ಟಿನ ಚಾಸಿಸ್‌ನಲ್ಲಿ ಕೂರಿಸಿತ್ತು. ಗೇರ್‌ಬಾಕ್ಸು, ಮುಂದಿನ ಫೋರ್ಕು, ಬ್ರೇಕು ಎಲ್ಲ ಬುಲೆಟ್ಟಿನವೇ. ಅಂದರೆ ಗಾಡಿಗೆ ಎರಡು ತವರು. ಗಾಡಿಯ ಹೆಸರು ಹಿಡಿದು ಹುಡುಕಿದ ತನಕ ನನಗೇನೂ ಸಿಗಲಿಲ್ಲ. ಒಂದೊಂದು ಭಾಗದ ತವರು ಹಿಡಿದು ಹೊರಟ ಮೇಲೆ ಹದಿನೈದು ದಿನದಲ್ಲಿ ಮುಕ್ಕಾಲು ಪಾಲು ಮಾಹಿತಿ ಕೈಗೆ ಬಂತು.

ಇಂಜಿನ್ನಿನ ಪುಸ್ತಕ ಗಂಗಾವತಿಯ ಹಳೆಯ ಕೃಷಿ ಯಂತ್ರಗಳ ಅಂಗಡಿಯಲ್ಲಿತ್ತು, ಜಿಡ್ಡು ಹಿಡಿದು, ರಟ್ಟು ಕಿತ್ತು. ಮಾಲೀಕರು ಝೆರಾಕ್ಸ್ ಮಾಡಿಸಿಕೊಳ್ಳಲು ಕೊಟ್ಟರು. ಆದರೆ ಒಂದೇ ಪುಸ್ತಕದಲ್ಲಿ ನಾಲ್ಕೈದು ಅಳತೆಯ ಇಂಜಿನ್ನುಗಳಿದ್ದವು. ನಮ್ಮದು ಯಾವುದು? ಹೆಡ್ ಬಿಚ್ಚಿದಾಗ ವರ್ನಿಯರ್ ಹಿಡಿದು ಅಳೆದೆ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 78 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 68 ಮಿ.ಮೀ. ಬೋರಿನ ಅರ್ಧದ ವರ್ಗವನ್ನು 3.14ರಿಂದ, ಆಮೇಲೆ 68ರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ 325 ಸಿಸಿಗೆ ಸರಿಹೊಂದುತ್ತದೆ. ಆರ್‌ಸಿ ಪುಸ್ತಕದಲ್ಲಿಯೂ ಅದೇ ಸಂಖ್ಯೆ. ಅಚ್ಚು, ಅಳತೆ, ಆರ್‌ಸಿ ಮೂರೂ ಕೂಡಿದ ಮೇಲೆಯೇ ನಾನು ಆ ಪುಟವನ್ನು ನಂಬಿದ್ದು. ಯಾರೋ ಕೊಟ್ಟ ಕಾಗದವನ್ನು ಹೀಗೆ ತಾಳೆ ನೋಡದೆ ಪಾನಾ ಎತ್ತಿಕೊಳ್ಳಬೇಡಿ.

ಪುಸ್ತಕ ಓದಿದಾಗ ಬಿಳಿ ಹೊಗೆಯ ಗುಟ್ಟು ತಿಳಿಯಿತು. ಡೀಸೆಲ್ ಪಂಪಿನ ಬುಡದಲ್ಲಿ ಎತ್ತರ ಸರಿಹೊಂದಿಸಲು ಕೂರಿಸುವ ತೆಳ್ಳನೆಯ ಪಟ್ಟಿಗಳೇ, ಅಂದರೆ ಶಿಮ್‌ಗಳೇ, ಈ ಇಂಜಿನ್ನಿನ ಟೈಮಿಂಗ್ ಹೇಳುವುದು. ಶಿಮ್ ಹೆಚ್ಚಿದರೆ ಪಂಪು ತನ್ನನ್ನು ಒತ್ತುವ ಕ್ಯಾಮಿನಿಂದ ದೂರ ಸರಿದು ಡೀಸೆಲ್ ತಡವಾಗಿ ಬೀಳುತ್ತದೆ, ಕಡಿಮೆಯಾದರೆ ಬೇಗ ಬೀಳುತ್ತದೆ. ಗ್ಯಾರೇಜಿನಲ್ಲಿ ಶಿಮ್‌ಗಳನ್ನು ಎಸೆದು, ದಪ್ಪ ಪ್ಯಾಕಿಂಗ್ ಶೀಟ್ ಕತ್ತರಿಸಿ ಹಾಕಿದ್ದರು. ಡೀಸೆಲ್ ತಡವಾಗಿ ಬಿದ್ದು, ಸುಡದೆ ಬಿಳಿ ಹೊಗೆಯಾಗಿ ಹೊರಬೀಳುತ್ತಿತ್ತು. ನನಗಾದ ಸಂಕಟ ಅಷ್ಟಿಷ್ಟಲ್ಲ. ಅಪ್ಪ ಇದ್ದಷ್ಟು ದಿನ ಆ ಪಂಪಿನ ಬೋಲ್ಟಿಗೆ ಯಾರೂ ಪಾನಾ ಹಾಕಿರಲಿಲ್ಲ.

ಸರಿಪಡಿಸಿದ್ದು ಹೀಗೆ. ಹೆಡ್ ಬಿಚ್ಚಿಯೇ ಇತ್ತು. ಇಂಜಿನ್ನಿನ ಪಕ್ಕದ ಪ್ರೈಮರಿ ಕವರ್ ತೆಗೆದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ತುದಿಗೆ 360 ಡಿಗ್ರಿ ಬರೆದ ರಟ್ಟಿನ ಚಕ್ರ ಕಟ್ಟಿದೆ, ಎದುರಿಗೆ ತಂತಿಯ ಮುಳ್ಳು. ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ತಿರುಗಿಸಿದರೆ ಇಂಜಿನ್ ಮೆಲ್ಲಗೆ ತಿರುಗುತ್ತದೆ. ಪಿಸ್ಟನ್ ಮೇಲ್ತುದಿಗೆ ಬಂದಾಗ ಸ್ವಲ್ಪ ಹೊತ್ತು ನಿಂತಂತೆ ಕಾಣುವುದರಿಂದ ಕಣ್ಣಂದಾಜು ತಪ್ಪುತ್ತದೆ. ಹತ್ತುವಾಗ 5 ಮಿ.ಮೀ. ಕೆಳಗಿದ್ದಾಗ ಒಂದು ಗುರುತು, ಇಳಿಯುವಾಗ ಅಷ್ಟೇ ಕೆಳಗೆ ಇನ್ನೊಂದು ಗುರುತು ಹಾಕಿ, ಅವೆರಡರ ನಡುವನ್ನು ಹಿಡಿದೆ. ಅದು ನಿಜವಾದ ಮೇಲ್ತುದಿ. ಇನ್ನು ಪಂಪಿನ ಬಾಯಿಯ ಪೈಪ್ ತೆಗೆದು ಗಾಲಿಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದೆವು. ಅಲ್ಲಿ ನಿಂತ ಡೀಸೆಲ್ ಮೊದಲ ಸಲ ಅಲುಗಿದ ಕ್ಷಣವೇ ಸಿಂಪಡಣೆಯ ಶುರು. ಪುಸ್ತಕ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಆರು ಡಿಗ್ರಿ ತಡವಿತ್ತು. ಚಾಚಾ ತಮ್ಮ ಡಬ್ಬಿಯಿಂದ ಶಿಮ್‌ಗಳನ್ನು ಹೆಕ್ಕಿ, ನಾಲ್ಕು ಸಲ ಬಿಚ್ಚಿ ಹಾಕಿ ಕೂಡಿಸಿದರು. ನಾಟಿಯ ಹಂಗಾಮು, ಸಾಲಾಗಿ ಪಂಪ್‌ಸೆಟ್ಟುಗಳು ಕಾದಿದ್ದವು, ಆದರೂ ಸಂಜೆಯ ತನಕ ಕೂತರು.

ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್ಲಿನ ಪರೀಕ್ಷೆಯನ್ನು ಅವರಿಗೇ ಬಿಟ್ಟೆ. ಮಂಜಿನ ಹಾಗೆ ಚೆದುರಬೇಕು, ತುದಿಯಲ್ಲಿ ಹನಿ ತೊಟ್ಟಿಕ್ಕಬಾರದು. ಅದರ ಎದುರಿಗೆ ಕೈ ಒಡ್ಡಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಗೇರ್‌ಬಾಕ್ಸಿನ ಕಥೆ ಸಣ್ಣದು. ಹಳೆಯ ಬುಲೆಟ್ ಮಿಸ್ತ್ರಿ ಯಾರಾದರೂ ಕಣ್ಣು ಮುಚ್ಚಿ ಬಿಚ್ಚುವಂಥದ್ದು. ನೆನಪಿಡಬೇಕಾದ್ದು ಒಂದೇ, ಇಂಜಿನ್ನಿನ ನಟ್ಟು ಬೋಲ್ಟುಗಳು ಮಿಲಿಮೀಟರಿನವು, ಬುಲೆಟ್ ಕಡೆಯವು ಬ್ರಿಟಿಷ್ ಇಂಚಿನವು. ಎರಡು ಬಗೆಯ ಪಾನಾ ಇಟ್ಟುಕೊಳ್ಳದಿದ್ದರೆ ನಟ್ಟಿನ ಮೂಲೆ ಸವೆದು ಹೋಗುತ್ತದೆ.

ಎರಡೂ ತವರಿಗೆ ಸೇರದ ಕೆಲವು ಭಾಗಗಳು ಉಳಿದವು. ಅವಕ್ಕೆ ಅವುಗಳ ಮೈಮೇಲಿನ ಸಂಖ್ಯೆಗಳೇ ಪುಸ್ತಕ. ಬೇರಿಂಗಿನ ಮೇಲೆ 6205 ಎಂದಿದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿ, ಒಳಗಿನ ರಂಧ್ರ 25 ಮಿ.ಮೀ. 6206 ಇದ್ದರೆ 30. ಆಯಿಲ್ ಸೀಲಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರನ್ನೂ ಅಚ್ಚು ಹಾಕಿರುತ್ತಾರೆ. ಈ ಸಂಖ್ಯೆ ಹೇಳಿದರೆ ಬೇರಿಂಗ್ ಅಂಗಡಿಯವರು ಯಾವ ಗಾಡಿಯದು ಎಂದು ಕೇಳುವುದೇ ಇಲ್ಲ.

ಹೆಡ್ ಕೂರಿಸಿ, ಪೈಪಿನೊಳಗಿನ ಗಾಳಿ ತೆಗೆದು ಕಿಕ್ ಹೊಡೆದಾಗ ಮೂರನೆಯದಕ್ಕೆ ಹತ್ತಿತು. ಮನೆಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಸೇತುವೆ ದಾಟಿ ಓಣಿಗೆ ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಒಲೆ ಆಗಲೇ ಹೊತ್ತಿತ್ತು.