ಬಾತ್‌ರೂಮಿಗೆ ಕಾರ್ಪೆಟ್: ಮೂರನೇ ಸಲಕ್ಕೆ ನಿಂತಿತು

"ಏನಣ್ಣಾ, ಬಾತ್‌ರೂಮಲ್ಲಿ ಅಣಬೆ ಬೆಳೆಸ್ತೀಯಾ?" ಅಂತ ಟೈಲ್ಸ್ ಮೇಸ್ತ್ರಿ ಕೇಳಿದ್ದ. ಆ ಕಾರ್ಪೆಟ್ಟಿಗೆ ಈಗ ಎರಡು ಮಳೆಗಾಲ ಕಳೆದಿದೆ. ವಾಸನೆ ಇಲ್ಲ, ಕಪ್ಪು ಕಲೆ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಪೆಟ್ ಹಾಸುವುದು ನನ್ನ ಕೆಲಸ. ಇದು ಗಿರಾಕಿಯ ಮನೆ, ಜಯನಗರದಲ್ಲಿ. ಇಂಗ್ಲೆಂಡಿನಲ್ಲಿ ಬಹಳ ವರ್ಷ ಇದ್ದು ಬಂದ ವಯಸ್ಸಾದ ದಂಪತಿ. ಅಲ್ಲಿ 1970, 80ರ ದಶಕದಲ್ಲಿ ಬಾತ್‌ರೂಮಿಗೂ ಕಾರ್ಪೆಟ್ ಹಾಸುವುದು ಫ್ಯಾಷನ್ ಆಗಿತ್ತು. ಸ್ನಾನ ಟಬ್ಬಿನೊಳಗೆ, ನೆಲಕ್ಕೆ ನೀರು ಸುರಿಯುವ ಅಭ್ಯಾಸವೇ ಇಲ್ಲ. ಇಲ್ಲಿ ಆ ಮನೆಯ ಅಮ್ಮನಿಗೆ ಮಂಡಿನೋವು. ಡಿಸೆಂಬರ್ ಬೆಳಗ್ಗೆ ಗ್ರಾನೈಟ್ ಮೇಲೆ ಕಾಲಿಡಲು ಆಗುತ್ತಿರಲಿಲ್ಲ.

ಮೊದಲ ಸಲ ಹಾಲ್‌ಗೆ ಹಾಕುವ ನೈಲಾನ್ ಕಾರ್ಪೆಟ್ಟನ್ನೇ ಪೂರ್ತಿ ಗಮ್ ಹಚ್ಚಿ ಅಂಟಿಸಿದೆ. ಎರಡು ತಿಂಗಳಿಗೇ ಒದ್ದೆ ಗೋಣಿಚೀಲದ ವಾಸನೆ. ಕಮೋಡಿನ ಹತ್ತಿರ ಎತ್ತಿ ನೋಡಿದರೆ ಹಿಂಬದಿಯ ಸೆಣಬು ಬೆರಳಿಗೆ ಎಳೆಎಳೆಯಾಗಿ ಕಿತ್ತುಬಂತು. ಹದಿನಾಲ್ಕು ಸಾವಿರದ ಹತ್ತಿರ ವಾಪಸ್ ಕೊಟ್ಟೆ. ಎರಡನೇ ಸಲ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ನೂಲಿನ ಕಾರ್ಪೆಟ್ ಹಾಕಿದೆ. ಅದರ ನೂಲು ನೀರು ಕುಡಿಯುವುದಿಲ್ಲ. ಆದರೆ ಮೆತ್ತಗಿರಲಿ ಅಂತ ಕೆಳಗೆ ಫೋಮ್ ಕೊಟ್ಟೆ, ಕುಡಿಯುವ ಕೆಲಸ ಅದು ಮಾಡಿತು. ಮತ್ತೆ ಆರು ಸಾವಿರ ಹೋಯಿತು.

ನಡುವೆ ಅರಸೀಕೆರೆ ಕಡೆಯ ತೆಂಗಿನ ನಾರಿನ ಮ್ಯಾಟ್ ಕೂಡ ನೋಡಿದೆ. ನಾರು ಗಟ್ಟಿ, ನೀರಿಗೆ ಜಗ್ಗಲ್ಲ. ಬಣ್ಣ ಮಾತ್ರ ಬಿಟ್ಟು ನೆಲವೆಲ್ಲ ಕೆಂಪಾಯಿತು. ಬಣ್ಣ ಹಾಕದ ನಾರು ಅಮ್ಮನ ಪಾದಕ್ಕೆ ಚುಚ್ಚಿತು. ಬಾಗಿಲಾಚೆಗೆ ಅದು ಈಗಲೂ ನನಗೆ ಇಷ್ಟವೇ.

ಮೂರನೇ ಸಲ ಮೊದಲು ನೆಲ ಸರಿ ಮಾಡಿಸಿದೆ. ಶವರ್ ಕಡೆಗೆ ಗಾಜು, ಕೆಳಗೆ ಒಂದಿಂಚು ಎತ್ತರದ ಕಲ್ಲಿನ ಪಟ್ಟಿ. ಒಂದು ಬಕೆಟ್ ನೀರು ಸುರಿದು ಒಣ ಭಾಗಕ್ಕೆ ಒಂದು ಹನಿಯೂ ಬರಲ್ಲ ಅಂತ ಕಣ್ಣಾರೆ ನೋಡಿದ ಮೇಲೇ ಮುಂದಿನ ಕೆಲಸ. ಒಣ ಭಾಗ ಮೂವತ್ತು ಚದರಡಿ. ಅದಕ್ಕೆ ಪಾಲಿಪ್ರೊಪಿಲೀನ್ ಕಾರ್ಪೆಟ್ ಟೈಲ್, ಅಂದರೆ 50 ಸೆಂಟಿಮೀಟರಿನ ಚೌಕ ತುಂಡುಗಳು, ಹನ್ನೆರಡು. ಮೂರು ಸ್ಪೇರ್. ಫೋಮ್ ಇಲ್ಲ, ಗಮ್ ಇಲ್ಲ, ಸುಮ್ನೆ ಹಾಸಿದ್ದು. ಕಮೋಡಿನ ಸುತ್ತ ಒಂದು ಗೇಣು ಕಲ್ಲನ್ನು ಹಾಗೇ ಬಿಟ್ಟೆ. ಸ್ನಾನ ಆದ ಮೇಲೂ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಬೇಕು, ಟೈಮರ್ ಹಾಕಿಸಿದೆ.

ಗಮ್ ಇಲ್ಲದೆ ಟೈಲ್ ಜರುಗದ ಹಾಗೆ ಮೂಲೆಗಳಿಗೆ ಏನು ಕೊಟ್ಟೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳೋಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಒಟ್ಟು ಖರ್ಚು ಹದಿನೆಂಟು ಸಾವಿರದ ಆಸುಪಾಸು, ಅದರಲ್ಲಿ ಗಾಜಿನದೇ ಜಾಸ್ತಿ.

ಮೊನ್ನೆ ಹೋದಾಗ ಅಮ್ಮ ತಾವೇ ಒಂದು ಟೈಲ್ ಎತ್ತಿ ತೋರಿಸಿದರು. ಕೆಳಗೆ ಅಂಗೈ ಒತ್ತಿ ನೋಡಿದೆ, ಒಣಗಿತ್ತು. "ಮಗನ ಬಾತ್‌ರೂಮಿಗೂ ಹಾಕಿಬಿಡಪ್ಪ" ಅಂದರು. ಅಲ್ಲಿ ಬಕೆಟ್ಟು, ಚೊಂಬಿನ ಸ್ನಾನ, ನೆಲವೆಲ್ಲ ನೀರು. ಹಾಕಲ್ಲ ಅಮ್ಮ ಅಂದೆ. ಅದಕ್ಕೆ ಜಾರದ ಹಾಗೆ ಒರಟು ಗ್ರಾನೈಟ್ ಹಾಸಿಸಿ ಅಂತ ಆ ಮೇಸ್ತ್ರಿಯ ನಂಬರನ್ನೇ ಕೊಟ್ಟು ಬಂದೆ.