ಹೈಬ್ರಿಡೋಮಾ ಬೆಳೆಸುವುದು ಹೇಗೆ?

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯದ ಗದ್ದೆಬಯಲಿನಲ್ಲಿ ಬಸವನಹುಳುಗಳಿಗೆ ಬರವಿಲ್ಲ. ಯಕೃತ್ತಿನಲ್ಲಿ ನೆಲೆಸುವ ಚಪ್ಪಟೆ ಹುಳುವಾದ ಲಿವರ್ ಫ್ಲೂಕ್‌ನ ಮರಿಗಳು ಅವುಗಳ ಮೈಯಲ್ಲಿ ಬೆಳೆದು, ನೀರಿಗಿಳಿದು, ಹುಲ್ಲಿಗಂಟಿ ದನದ ಹೊಟ್ಟೆ ಸೇರುತ್ತವೆ. ಸೋಂಕು ತಗುಲಿ ಸುಮಾರು ಮೂರು ತಿಂಗಳು ಸಗಣಿಯಲ್ಲಿ ಮೊಟ್ಟೆ ಕಾಣುವುದಿಲ್ಲ. ಅಷ್ಟರಲ್ಲಿ ಮರಿಹುಳುಗಳು ಯಕೃತ್ತನ್ನು ಕೊರೆದಿರುತ್ತವೆ. ಹುಳು ಸ್ರವಿಸುವ ಪ್ರೋಟೀನನ್ನೇ ಗುರುತಿಸುವ ಪ್ರತಿಕಾಯ (ಆಂಟಿಬಾಡಿ) ಇದ್ದರೆ ಮೊಟ್ಟೆಗಾಗಿ ಕಾಯಬೇಕಿಲ್ಲ. ಅಂಥ ಒಂದೇ ಬಗೆಯ ಪ್ರತಿಕಾಯವನ್ನು ವರ್ಷಗಟ್ಟಲೆ ಕೊಡುವ ಕೋಶವಂಶವೇ ಹೈಬ್ರಿಡೋಮಾ. ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ 1975ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇಂದಿಗೂ ಅದೇ.

ಮೈಸೂರಿನ ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕೆ ಇಳಿಯುವ ಸಂಶೋಧನಾ ವಿದ್ಯಾರ್ಥಿಗಳನ್ನು ನೋಡುತ್ತಾ ಬಂದಿದ್ದೇನೆ. ಕೋಶಗಳು ಬೆಸೆದುಕೊಂಡಾಗ ಎಲ್ಲರಿಗೂ ಸಂಭ್ರಮ. ಕೆಲವು ವಾರಗಳಲ್ಲಿ ಪ್ರತಿಕಾಯವೇ ಮಾಯ. ಬಹುಪಾಲು ಜನ ಎಡವುವುದು ಒಂದೇ ಹಂತದಲ್ಲಿ. ಅದಕ್ಕೆ ಮುಂಚಿನದನ್ನು ಬೇಗ ಹೇಳಿಬಿಡುತ್ತೇನೆ.

ಮೊದಲ ಹಂತ: ಕಸಾಯಿಖಾನೆಯಿಂದ ತಂದ ಯಕೃತ್ತಿನಲ್ಲಿರುವ ಜೀವಂತ ಹುಳುಗಳನ್ನು ತೊಳೆದು, ಸೀರಮ್ (ರಕ್ತದ ತಿಳಿದ್ರವ) ಇಲ್ಲದ ಪೋಷಕ ಮಾಧ್ಯಮದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟು ಸ್ರಾವ ಸಂಗ್ರಹಿಸಿ. ಹುಳುವಿನ ಹೊಟ್ಟೆಯಲ್ಲಿ ದನದ ರಕ್ತವಿರುತ್ತದೆ. ಮೊದಲ ಗಂಟೆಯ ದ್ರವವನ್ನು ಚೆಲ್ಲಿಬಿಡಿ.

ಎರಡನೆಯ ಹಂತ: ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದು ಬಾಲ್ಬ್-ಸಿ ಎಂಬ ಪ್ರಯೋಗಾಲಯದ ತಳಿಯ ಇಲಿಗಳಿಗೆ ಎರಡು ಮೂರು ವಾರಗಳ ಅಂತರದಲ್ಲಿ ಈ ಸ್ರಾವದ ಚುಚ್ಚುಮದ್ದು ಕೊಡಿ. ಕೊನೆಯದು ಬೆಸುಗೆಗೆ ಮೂರು ನಾಲ್ಕು ದಿನ ಮೊದಲು.

ಮೂರನೆಯ ಹಂತ, ಬೆಸುಗೆ: ಪ್ರತಿಕಾಯ ತಯಾರಿಸುವ ಇಲಿಯ ಗುಲ್ಮದ (ಸ್ಪ್ಲೀನ್) ಕೋಶಗಳನ್ನು ನಿಲ್ಲದೆ ಬೆಳೆಯುವ ಮೈಲೋಮಾ ಎಂಬ ಕ್ಯಾನ್ಸರ್ ಕೋಶಗಳೊಂದಿಗೆ ಐದಕ್ಕೆ ಒಂದರಂತೆ ಬೆರೆಸಿ. ಮೈಲೋಮಾ ಎಸ್‌ಪಿ2/0 ಎಂಬ ಕೋಶವಂಶದ್ದಾಗಿರಲಿ. ಅದು ತನ್ನದೇ ಪ್ರತಿಕಾಯ ತಯಾರಿಸುವುದಿಲ್ಲ. ಕೋಶಗಳನ್ನು ಬೆಸೆಯುವ ಬೆಚ್ಚಗಿನ ಶೇ 50ರ ಪಾಲಿಎಥಿಲಿನ್ ಗ್ಲೈಕಾಲ್ ಒಂದು ಮಿಲಿಲೀಟರನ್ನು ಒಂದು ನಿಮಿಷದಲ್ಲಿ ಹನಿಹನಿಯಾಗಿ ಹಾಕಿ, ನಂತರ ಸೀರಮ್‌ರಹಿತ ಮಾಧ್ಯಮದಿಂದ ನಿಧಾನವಾಗಿ ತೆಳುವಾಗಿಸಿ. ತೆರೆದು ಬಹಳ ಕಾಲವಾದ ಬಾಟಲಿಯ ಗ್ಲೈಕಾಲ್ ಬೇಡವೇ ಬೇಡ, ಕೋಶಗಳಿಗೆ ಅದು ವಿಷ. ಬಳಿಕ ಬೆಸೆದ ಕೋಶಗಳನ್ನು ಮಾತ್ರ ಉಳಿಸುವ ಹ್ಯಾಟ್ (ಎಚ್‌ಎಟಿ) ಮಾಧ್ಯಮದಲ್ಲಿ 96 ಗುಂಡಿಗಳ ಪ್ಲೇಟ್‌ಗಳಿಗೆ ಹಂಚಿ. ಬೆಸೆಯದ ಮೈಲೋಮಾ ಹ್ಯಾಟ್‌ನ ಅಮಿನಾಪ್ಟರಿನ್‌ನಿಂದ ಸಾಯುತ್ತದೆ. ಬೆಸೆಯದ ಗುಲ್ಮಕೋಶ ತಾನಾಗಿಯೇ ಸಾಯುತ್ತದೆ. ಎರಡು ವಾರದ ನಂತರ ನೇರವಾಗಿ ಸಾಮಾನ್ಯ ಮಾಧ್ಯಮಕ್ಕೆ ಬರಬೇಡಿ. ಕೋಶದೊಳಗೆ ಅಮಿನಾಪ್ಟರಿನ್ ಉಳಿದಿರುವುದರಿಂದ ಇನ್ನೊಂದೆರಡು ವಾರ ಎಚ್‌ಟಿ ಮಾಧ್ಯಮ (ಅಮಿನಾಪ್ಟರಿನ್ ಇಲ್ಲದ ಹ್ಯಾಟ್) ಬೇಕು.

ಇನ್ನು ಎಡವುವ ಹಂತ. ಬೆಸೆದ ಕೋಶದಲ್ಲಿ ಎರಡು ಕೋಶಗಳ ವರ್ಣತಂತುಗಳಿರುತ್ತವೆ; ವಿಭಜನೆಯಾಗುತ್ತಾ ಹೋದಂತೆ ಅವುಗಳಲ್ಲಿ ಕೆಲವು ಕಳೆದುಹೋಗುತ್ತವೆ. ಪ್ರತಿಕಾಯದ ಜೀನ್ ಇರುವ ವರ್ಣತಂತು ಕಳೆದುಕೊಂಡ ಕೋಶ ಸಾಯುವುದಿಲ್ಲ. ಪ್ರೋಟೀನ್ ತಯಾರಿಸುವ ಹೊರೆಯಿಲ್ಲದೆ ಇನ್ನೂ ವೇಗವಾಗಿ ಬೆಳೆಯುತ್ತದೆ. ಗದ್ದೆಯ ಪೈರನ್ನು ಕಳೆ ಮೀರಿಸುವಂತೆ ಅದು ಗುಂಡಿಯನ್ನೇ ಆವರಿಸುತ್ತದೆ. ಆದ್ದರಿಂದ ತಡಮಾಡುವಂತಿಲ್ಲ. ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ, ಗುಂಡಿಯ ಕಾಲುಭಾಗ ತುಂಬಿದಾಗಲೇ ಮೇಲಿನ ದ್ರವವನ್ನು ಪ್ರತಿಕಾಯವಿದ್ದರೆ ಬಣ್ಣ ತೋರಿಸುವ ಎಲಿಸಾ ಪರೀಕ್ಷೆಗೆ ಹಾಕಿ.

ಒಂದೇ ಎಲಿಸಾ ಸಾಲದು. ನಮ್ಮ ದನಗಳಲ್ಲಿ ಲಿವರ್ ಫ್ಲೂಕ್ ಜೊತೆಗೆ ಹೊಟ್ಟೆಯ ಮೊದಲ ಚೀಲದಲ್ಲಿ ನೆಲೆಸುವ ರುಮೆನ್ ಫ್ಲೂಕ್ ಕೂಡ ಇರುತ್ತದೆ. ಹಾಗಾಗಿ ಒಂದು ಪ್ಲೇಟ್‌ಗೆ ನಿಮ್ಮ ಹುಳುವಿನ ಸ್ರಾವ, ಇನ್ನೊಂದಕ್ಕೆ ರುಮೆನ್ ಫ್ಲೂಕ್, ಮೂರನೆಯದಕ್ಕೆ ದನದ ರಕ್ತದ ಪ್ರೋಟೀನ್ ಲೇಪಿಸಿ. ಎರಡನೆಯದರಲ್ಲಾಗಲಿ ಮೂರನೆಯದರಲ್ಲಾಗಲಿ ಬಣ್ಣ ಬಂದ ಗುಂಡಿಯನ್ನು ಎಷ್ಟೇ ಚೆನ್ನಾಗಿ ಬೆಳೆದಿದ್ದರೂ ಕೈಬಿಡಿ. ಇಲ್ಲದಿದ್ದರೆ ಪರೀಕ್ಷೆ ಹಳ್ಳಿಗೆ ಹೋದಾಗ ಆರೋಗ್ಯವಂತ ಹಸುವಿಗೂ ಸೋಂಕಿದೆ ಎನ್ನುತ್ತದೆ.

ಉಳಿದ ಗುಂಡಿಗಳ ಕೋಶಗಳಲ್ಲಿ ಸ್ವಲ್ಪವನ್ನು ಆಗಲೇ ಶೀತಲೀಕರಿಸಿ, ಮಿಕ್ಕಿದ್ದನ್ನು ಕ್ಲೋನ್ ಮಾಡಿ, ಅಂದರೆ ಒಂಟಿ ಕೋಶದಿಂದ ಸಂತಾನ ಬೆಳೆಸಿ. ಗುಂಡಿಗೆ ಒಂದು ಕೋಶದ ಲೆಕ್ಕದಲ್ಲಿ ಹಂಚಿದರೆ, ಸಂಭವನೀಯತೆಯ ಲೆಕ್ಕದಲ್ಲಿ ಬೆಳೆದ ಗುಂಡಿಗಳಲ್ಲಿ ಶೇ 58ರಷ್ಟು ಮಾತ್ರ ಒಂಟಿ ಕೋಶದ ಸಂತಾನ. ಅರ್ಧ ಕೋಶದ ಲೆಕ್ಕದಲ್ಲಿ ಅದು ಶೇ 77, 0.3ರಲ್ಲಿ ಶೇ 86. ಅರ್ಧ ಕೋಶದಂತೆ ಹಂಚಿ, ಮರುಪರೀಕ್ಷಿಸಿ, ಮತ್ತೆ ಕ್ಲೋನ್ ಮಾಡಿ. ಎರಡನೆಯ ಸುತ್ತಿನಲ್ಲಿ ಬೆಳೆದ ಎಲ್ಲ ಗುಂಡಿಗಳೂ ಪ್ರತಿಕಾಯ ಕೊಡುವವರೆಗೆ ಬಿಡಬೇಡಿ. ಒಂದೇ ಸುತ್ತಿಗೆ ತೃಪ್ತಿಪಡುವುದು ನಾನು ಕಂಡ ಅತಿ ದುಬಾರಿ ಅಡ್ಡದಾರಿ. ಒಂಟಿ ಕೋಶಕ್ಕೆ ಆಸರೆಯಾಗಿ ಇಲಿಯ ಹೊಟ್ಟೆಪೊರೆಯ ಮ್ಯಾಕ್ರೋಫೇಜ್‌ಗಳನ್ನು (ಒಂದು ಬಗೆಯ ರಕ್ಷಕ ಕೋಶಗಳು) ಮೊದಲೇ ಹಾಸಿಡಿ. ಅಂಚಿನ ಗುಂಡಿಗಳು ಒಣಗುತ್ತವೆ. ಅಲ್ಲಿ ಬರೀ ನೀರು ತುಂಬಿಡಿ.

ಸೀರಮ್ ಅಗ್ಗವೆಂದು ಕೊಳ್ಳಬೇಡಿ. ಮಾದರಿ ತರಿಸಿ, ತೆಳುವಾಗಿ ಹಂಚಿದ ಕೋಶಗಳು ಅದರಲ್ಲಿ ಬೆಳೆಯುತ್ತವೆಯೇ ನೋಡಿ, ಆಮೇಲೆ ಅದೇ ಬ್ಯಾಚಿನದನ್ನು ಕೊಳ್ಳಿ. ಪೆನಿಸಿಲಿನ್ ನಂಬಿ ಸ್ವಚ್ಛತೆ ಸಡಿಲಿಸುವುದೂ ಬೇಡ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ಅದನ್ನು ಮುಟ್ಟದು, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದೂ ಇಲ್ಲ. ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ನಿಯಮಿತವಾಗಿರಲಿ. ಬೇಸಿಗೆಯಲ್ಲಿ ವಿದ್ಯುತ್ ಹೋದರೂ ನಿಲ್ಲದಂತೆ ಇನ್‌ಕ್ಯುಬೇಟರ್‌ಗೆ ಯುಪಿಎಸ್ ಇರಲೇಬೇಕು.

ಕೊನೆಯ ಹಂತ: ಶೇ 90 ಸೀರಮ್, ಶೇ 10 ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ದ್ರವ) ಮಿಶ್ರಣದಲ್ಲಿ ಕೋಶಗಳನ್ನು ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕಕ್ಕೆ ಸೇರಿಸಿ. ಒಂದು ವಾರದ ನಂತರ ಒಂದು ಶೀಶೆಯನ್ನು 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ಬೆಳೆಸಿ, ಮೂರೂ ಪ್ಲೇಟ್‌ಗಳ ಎಲಿಸಾ ಮತ್ತೊಮ್ಮೆ ಮಾಡಿ. ಫಲಿತಾಂಶ ಸರಿಯಿದ್ದರೆ ಉಳಿದ ಶೀಶೆಗಳಲ್ಲಿ ಅರ್ಧವನ್ನು ಬೇರೊಂದು ಕಟ್ಟಡದ ಸಾರಜನಕದ ಜಾಡಿಯಲ್ಲಿಡಿ.